ಮಗುವಿನ ಅಂಗಿಗೆ ಕಳಚಿಡಬಹುದಾದ ಗಿಲಕಿ: ಮನೆಯಲ್ಲೇ ಹೊಲಿಯುವ ಕ್ರಮ

ಮಲೆನಾಡಿನ ಬಾಣಂತನದ ಮನೆಗಳಿಗೆ ಬರುವ ಉಡುಗೊರೆಗಳಲ್ಲಿ ಈಚೆಗೆ ಸದ್ದು ಮಾಡುವ ಉಡುಪುಗಳೂ ಸೇರಿಕೊಂಡಿವೆ. ಕಾಲುಚೀಲದ ತುದಿಯಲ್ಲಿ ಗಿಲಕಿ, ಅಂಗಿಯ ಎದೆಯ ಮೇಲೆ ಅದುಮಿದರೆ ಕೀಚೆನ್ನುವ ಮೊಲ, ಕುಲಾವಿಯ ಅಂಚಿನಲ್ಲಿ ಚರಚರ ಎನ್ನುವ ಎಲೆ, ಹೀಗೆ ಬಗೆಬಗೆಯವು. ಮಗುವಿನ ಮೈಮೇಲೆ ಸದ್ದಿರುವುದು ನಮಗೇನೂ ಹೊಸತಲ್ಲ. ಉಡಿದಾರಕ್ಕೆ ಗೆಜ್ಜೆ ಪೋಣಿಸಿ, ಕಾಲಿಗೆ ಕಿರುಗೆಜ್ಜೆ ತೊಡಿಸಿ, ಅದು ಅಂಬೆಗಾಲಿಟ್ಟು ಯಾವ ಕೋಣೆಗೆ ಹೋಯಿತೆಂಬುದನ್ನು ಅಡುಗೆಮನೆಯಿಂದಲೇ ಕೇಳಿ ತಿಳಿದುಕೊಳ್ಳುತ್ತಿದ್ದವರು ನಮ್ಮ ಹಿರಿಯರು. ಆದರೆ ಗೆಜ್ಜೆಯನ್ನು ಬೇಕೆನಿಸಿದಾಗ ಬಿಚ್ಚಿಡಬಹುದಾಗಿತ್ತು; ಅಂಗಿಗೇ ಹೊಲಿದುಬಿಟ್ಟ ಗಿಲಕಿಯನ್ನು ಬಿಚ್ಚಿಡಲಾಗದು. ಅಂಗಿ ದಿನಕ್ಕೆ ಮೂರು ನಾಲ್ಕು ಬಾರಿ ಒದ್ದೆಯಾಗಿ ಒಗೆಯಲು ಹೋಗುತ್ತದೆ, ಅದರೊಂದಿಗೆ ಗಿಲಕಿಯೂ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೆಳು ಜಬಲಾ ಒಣಗುವುದೇ ಕಷ್ಟವಾಗಿರುವಾಗ ಒಳಗೆ ಅರಳೆ ತುಂಬಿದ ಆ ಗಂಟು ಒಣಗುವ ಮಾತೆಲ್ಲಿ? ಮಗು ಮಲಗಿದಾಗಲೂ ಅದು ಮೈಗೆ ಅಂಟಿಕೊಂಡೇ ಇರುತ್ತದೆ ಎಂಬುದು ಇದಕ್ಕಿಂತ ದೊಡ್ಡ ತೊಂದರೆ.

ಆದುದರಿಂದ ಅಂಗಿ ಬೇರೆ, ಸದ್ದಿನ ಆಟಿಕೆ ಬೇರೆ ಆಗಿರಬೇಕು. ಎಚ್ಚರವಿದ್ದು ಆಡುವ ಹೊತ್ತಿಗೆ ಮಾತ್ರ ಎರಡೂ ಕೂಡಬೇಕು. ಮುಂದೆ ವಿವರಿಸುವ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ನಿಯಮ: ಆಟಿಕೆಯ ಹೊಲಿಗೆ ಗಟ್ಟಿಯಾಗಿರಬೇಕು, ಅದನ್ನು ಅಂಗಿಗೆ ಸೇರಿಸುವ ಕೊಂಡಿ ಸಡಿಲವಾಗಿರಬೇಕು. ಸಾಮಾನ್ಯವಾಗಿ ನಾವು ಇದಕ್ಕೆ ತದ್ವಿರುದ್ಧವಾಗಿ ಯೋಚಿಸುತ್ತೇವೆ. ಆಟಿಕೆ ಕಳಚಿ ಬೀಳಬಾರದೆಂದು ಕೊಂಡಿಯನ್ನು ಬಿಗಿಗೊಳಿಸುತ್ತೇವೆ, ಆಟಿಕೆಯ ಒಳಹೊಲಿಗೆಯ ಕಡೆಗೆ ಗಮನ ಕೊಡುವುದಿಲ್ಲ. ಕೊಂಡಿ ಬಿಗಿಯಾಗಿದ್ದರೆ ತೊಟ್ಟಿಲಿನ ಸರಳಿಗೋ ಚಾಪೆಯ ಅಂಚಿಗೋ ಸಿಕ್ಕಿಕೊಂಡಾಗ ಮಗುವಿನ ಕೈಕಾಲನ್ನು ಹಿಡಿದೆಳೆಯುತ್ತದೆ. ಅದು ಬಿಟ್ಟುಕೊಂಡರೆ ಆಗುವ ನಷ್ಟವೇನೂ ಇಲ್ಲ, ಬಿದ್ದ ಆಟಿಕೆ ಇಡಿಯಾಗಿದ್ದು ಮಗುವಿನ ಬಾಯೊಳಗೆ ಹೋಗಲಾರದಷ್ಟು ದೊಡ್ಡದಾಗಿದ್ದರೆ ಸಾಕು.

ಮೊದಲ ಹೆಜ್ಜೆ: ವಯಸ್ಸು ನೋಡಿ ಜಾಗ ಗುರುತಿಸುವುದು

ಮೊದಲ ಎರಡು ತಿಂಗಳು ಮೈಮೇಲೆ ಯಾವ ಆಟಿಕೆಯೂ ಬೇಡ. ಆ ವಯಸ್ಸಿನಲ್ಲಿ ಕಿವಿ ಕೇಳುತ್ತಿರುತ್ತದಾದರೂ ಕೈಕಾಲುಗಳ ಚಲನೆ ಮಗುವಿನ ಹಿಡಿತಕ್ಕೆ ಬಂದಿರುವುದಿಲ್ಲ, ಸದ್ದು ತನ್ನಿಂದಲೇ ಬಂದಿತೆಂಬುದು ಅದಕ್ಕೆ ತಿಳಿಯುವುದೂ ಇಲ್ಲ. ಮೂರನೆಯ ತಿಂಗಳ ಹೊತ್ತಿಗೆ ಈ ಸ್ಥಿತಿ ಬದಲಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾರೊಲಿನ್ ರೋವೀ-ಕೋಲಿಯರ್ ಅವರು 1960ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ಕಟ್ಟಿದ ರಿಬ್ಬನ್ನಿನ ಇನ್ನೊಂದು ತುದಿಯನ್ನು ಮಗುವಿನ ಕಣಕಾಲಿಗೆ ಕಟ್ಟಿ ನೋಡಿದರು. ತಾನು ಒದ್ದಾಗ ಆಟಿಕೆ ಅಲುಗುತ್ತದೆಂಬುದನ್ನು ಮೂರು ತಿಂಗಳ ಆಸುಪಾಸಿನ ಮಕ್ಕಳು ಕೆಲವೇ ನಿಮಿಷಗಳಲ್ಲಿ ಕಂಡುಕೊಂಡು ಹೆಚ್ಚು ಹೆಚ್ಚು ಒದೆಯತೊಡಗಿದವು. ಅಂಗಿಯ ಮೇಲಿನ ಗಿಲಕಿಯಿಂದ ನಾವು ಬಯಸುವ ಲಾಭವೂ ಇದೇ. ಹೀಗಾಗಿ ಮೂರರಿಂದ ಆರು ತಿಂಗಳವರೆಗೆ ಚಡ್ಡಿಯ ಅಥವಾ ಪೈಜಾಮದ ಕಾಲಿನ ತುದಿಯ ಹೊರಬದಿಯೇ ಅತ್ಯುತ್ತಮ ಜಾಗ. ಎರಡೂ ಕಾಲಿಗೆ ಹಾಕಬೇಡಿ, ಒಂದೇ ಕಾಲಿಗೆ ಹಾಕಿ; ಯಾವ ಕಾಲು ಆಡಿಸಿದರೆ ಸದ್ದು ಬರುತ್ತದೆಂಬುದನ್ನು ಹುಡುಕುವುದೇ ಮಗುವಿಗೆ ಆಟ. ಎರಡು ದಿನ ಬಿಟ್ಟು ಇನ್ನೊಂದು ಕಾಲಿಗೆ ಬದಲಿಸಿದರೆ ಅದು ಮತ್ತೆ ಹುಡುಕುವುದನ್ನು ನೀವೇ ಕಾಣುವಿರಿ. ನಾಲ್ಕು ತಿಂಗಳ ನಂತರ ತೋಳಿನ ತುದಿಗೂ ಹಾಕಬಹುದು. ಆಗ ಅದು ನೇರವಾಗಿ ಬಾಯಿಗೆ ಹೋಗುತ್ತದೆ ಎಂಬುದನ್ನು ನಂಬಿಯೇ ಆಟಿಕೆಯನ್ನು ಸಿದ್ಧಪಡಿಸಬೇಕು.

ಕುಲಾವಿ, ಕುಂಚಿಗೆ, ಕೊರಳಪಟ್ಟಿ, ಹೆಗಲು, ಬೆನ್ನು ಇಷ್ಟೂ ಜಾಗ ಸಂಪೂರ್ಣ ನಿಷಿದ್ಧ. ಕೊರಳಿನ ಬಳಿ ಸುತ್ತಿಕೊಳ್ಳುವ ಭಯವಿದೆ, ಬೆನ್ನಿನದು ಮಲಗಿದಾಗ ಒತ್ತುತ್ತದೆ. ಕುಲಾವಿಯ ವಿಷಯದಲ್ಲಿ ಕಿವಿಯ ಪ್ರಶ್ನೆಯೂ ಇದೆ. ಸದ್ದಿನ ಮೂಲಕ್ಕೂ ಕಿವಿಗೂ ಇರುವ ದೂರ ಅರ್ಧಕ್ಕಿಳಿದಾಗಲೆಲ್ಲ ಸದ್ದಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಅರ್ಧ ಮೀಟರ್ ದೂರದಲ್ಲಿ ಹಿಡಿದಾಗ 60 ಡೆಸಿಬೆಲ್ ತೋರುವ, ಅಂದರೆ ನಮ್ಮ ಮಾತಿನಷ್ಟೇ ಸದ್ದು ಮಾಡುವ ಗಿಲಕಿ, ಕಿವಿಯಿಂದ 3 ಸೆಂಟಿಮೀಟರ್ ದೂರಕ್ಕೆ ಬಂದರೆ 84 ಡೆಸಿಬೆಲ್‌ನ ಹತ್ತಿರ ತಲುಪುತ್ತದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಸದ್ದು 45 ಡೆಸಿಬೆಲ್ ಮೀರದಿರಲಿ ಎಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1997ರಲ್ಲಿಯೇ ಸಲಹೆ ನೀಡಿದೆ. ಮನೆ ಆಸ್ಪತ್ರೆಯಷ್ಟು ನಿಶ್ಶಬ್ದವಾಗಿರಬೇಕಿಲ್ಲ, ಆದರೆ ಅಂಗಡಿಯವರು ಕೈಯಲ್ಲಿ ಹಿಡಿದು ಅಲುಗಿಸಿ ತೋರಿಸುವ ಸದ್ದೇ ಮಗುವಿಗೂ ಕೇಳುವ ಸದ್ದೆಂದು ತಿಳಿಯಬಾರದು. ಹೊಸ ಆಟಿಕೆಯನ್ನು ನಿಮ್ಮ ಕಿವಿಗೆ ತಾಗಿಸಿಕೊಂಡು ಅಲುಗಿಸಿ ನೋಡಿ. ನಿಮಗೆ ಅಹಿತವೆನಿಸಿದರೆ ಅದು ಮಗುವಿಗೆ ಬೇಡ.

ಎರಡನೆಯ ಹೆಜ್ಜೆ: ಸದ್ದಿನ ಸಾಮಗ್ರಿ

ಮೊದಲು ಬೇಡವಾದವುಗಳನ್ನು ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ತಪ್ಪಾಗುವುದು ಇಲ್ಲಿಯೇ. ಬೇಲಿಯ ಮೇಲೆ ಬಳ್ಳಿಯಾಗಿ ಹಬ್ಬಿರುವ ಗುಲಗಂಜಿ ನೋಡಲು ಚೆಂದ, ಡಬ್ಬಿಯೊಳಗೆ ಹಾಕಿ ಅಲುಗಿಸಿದರೆ ಸದ್ದೂ ಇಂಪು. ಆದರೆ ಅದರಲ್ಲಿ ಆಬ್ರಿನ್ ಎಂಬ ಕಡುವಿಷವಿದೆ. ಸಿಪ್ಪೆ ಒಡೆದ ಒಂದು ಬೀಜ ಹೊಟ್ಟೆಗೆ ಹೋದರೂ ಮಗುವಿನ ಜೀವಕ್ಕೆ ಅಪಾಯ. ಔಡಲದ ಬೀಜದ ವಿಷಯವೂ ಇದೇ, ಅದರ ವಿಷ ರೈಸಿನ್. ಮಕ್ಕಳ ಆಟಿಕೆಯ ಸಮೀಪ ಇವೆರಡೂ ಸುಳಿಯಬಾರದು. ಅಕ್ಕಿ, ಹೆಸರುಕಾಳು, ರಾಗಿ ವಿಷವಲ್ಲದಿದ್ದರೂ ಮಲೆನಾಡಿನ ತೇವದಲ್ಲಿ ಉಬ್ಬುತ್ತವೆ, ಹುಳು ಹಿಡಿಯುತ್ತವೆ. ಬಾಯಿಯ ಜೊಲ್ಲು ಸೋಕಿದ ಹೆಸರುಕಾಳು ಬಟ್ಟೆಯೊಳಗೇ ಮೊಳಕೆಯೊಡೆಯಬಲ್ಲದು.

ಗೆಜ್ಜೆಯ ಮಾತು ಸ್ವಲ್ಪ ಸೂಕ್ಷ್ಮ. ಅಜ್ಜಿಮನೆಯಿಂದ ಬಂದ ಬೆಳ್ಳಿಯ ಕಾಲ್ಗೆಜ್ಜೆಯನ್ನು ಬೇಡವೆನ್ನುವ ಉದ್ದೇಶ ನನಗಿಲ್ಲ. ನಾಮಕರಣದ ದಿನ, ಹಬ್ಬದ ದಿನ, ಹತ್ತು ಜನರ ಕಣ್ಣೆದುರು ತೊಡಿಸಿ ಸಂಜೆಗೆ ಬಿಚ್ಚಿಡಿ. ಆದರೆ ಫ್ಯಾನ್ಸಿ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ತಗಡಿನ ಗೆಜ್ಜೆಯನ್ನು ತಂದು ಅಂಗಿಗೆ ಹೊಲಿಯುವುದು ಬೇಡವೇ ಬೇಡ. ಅದರ ಲೋಹದಲ್ಲಿ ಏನೇನು ಬೆರೆತಿದೆಯೆಂದು ತಿಳಿಯುವ ದಾರಿ ನಮಗಿಲ್ಲ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಬಿಡುತ್ತದೆ, ದಾರ ಸವೆದರೆ ಗೆಜ್ಜೆ ನೇರವಾಗಿ ಗಂಟಲಿಗೆ ಹೋಗುವ ಗಾತ್ರದ್ದು. ಗುಂಡಿ ಸೆಲ್, ಅಂದರೆ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಹಾಕಿದ, ಒತ್ತಿದರೆ ಹಾಡುವ ಪುಟ್ಟ ಪೆಟ್ಟಿಗೆಗಳನ್ನೂ ಉಡುಪಿಗೆ ಸೇರಿಸಬಾರದು. ನುಂಗಿದ ಗುಂಡಿ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿಯ ಅಂಗಾಂಶವನ್ನು ಸುಡಲು ತೊಡಗುತ್ತದೆ. ಘಟ್ಟದ ಅಂಚಿನ ಒಂಟಿ ಮನೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮಳೆಯಲ್ಲಿ ಎಷ್ಟು ಹೊತ್ತಿಗೆ ತಲುಪಬಹುದೆಂಬುದನ್ನು ಲೆಕ್ಕ ಹಾಕಿದರೆ ಈ ಮಾತಿನ ಗಂಭೀರತೆ ತಿಳಿಯುತ್ತದೆ. ಆಯಸ್ಕಾಂತದ ಕೊಂಡಿಗಳೂ ಬೇಡ.

ಉಳಿದವು ಎರಡು. ಮೊದಲನೆಯದು, ಬಟ್ಟೆಯ ಗೊಂಬೆ ಮಾಡುವವರಿಗೆಂದು ಮಾರುವ ಮುಚ್ಚಿದ ಪ್ಲಾಸ್ಟಿಕ್ ಗಿಲಕಿ ಗುಂಡು. ಇದಕ್ಕೆ ಮುಚ್ಚಳ ಇರಬಾರದು. ಎರಡು ಹೋಳುಗಳನ್ನು ಬೆಸೆದ, ಉಗುರು ತೂರಿಸಲಾಗದ ಗುಂಡನ್ನೇ ಆರಿಸಿಕೊಳ್ಳಿ. ತಂದ ಕೂಡಲೇ ಅದನ್ನು ಎದೆಯೆತ್ತರದಿಂದ ಸಿಮೆಂಟು ನೆಲಕ್ಕೆ ಹತ್ತು ಬಾರಿ ಬೀಳಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆದುಬಿಡಿ. ಎರಡನೆಯದು ಚರಚರ ಹಾಳೆ. ಹೂಗುಚ್ಛಕ್ಕೆ ಸುತ್ತುವ ಬಣ್ಣವಿಲ್ಲದ ಪಾರದರ್ಶಕ ಹಾಳೆ ಇದಕ್ಕೆ ಸಾಕು. ಮೂರರಿಂದ ಐದು ತಿಂಗಳ ಮಗುವಿಗೆ ನಾನು ಈ ಹಾಳೆಯನ್ನೇ ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಇದರ ಸದ್ದು ಮೆದು, ಒಳಗೆ ಗಟ್ಟಿ ವಸ್ತುವೇ ಇಲ್ಲ, ಬೇಗ ಒಣಗುತ್ತದೆ. ಅದುಮಿದರೆ ಕೀಚೆನ್ನುವ ಬುರುಡೆಗೆ ಗಾಳಿಯಾಡುವ ತೂತಿರುತ್ತದೆ, ಆ ತೂತಿನಿಂದ ನೀರು ಒಳಹೊಕ್ಕು ಅಲ್ಲಿಯೇ ನಿಲ್ಲುತ್ತದೆ. ನಮ್ಮ ಹವೆಗೆ ಅದು ಒಗ್ಗುವುದಿಲ್ಲ.

ಮೂರನೆಯ ಹೆಜ್ಜೆ: ಬಟ್ಟೆ ಮತ್ತು ತುಂಬುವ ವಸ್ತು

ಒತ್ತಾಗಿ ನೇಯ್ದ ಹತ್ತಿಬಟ್ಟೆ ಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಕಿಂಡಿ ಕಾಣುವಂತಿದ್ದರೆ ಆಟಿಕೆಗೆ ಸಲ್ಲದು. ಹಳೆಯ ಹತ್ತಿ ಸೀರೆ ಜಬಲಾಗೆ ಬಲು ಹಿತ, ಆದರೆ ಸವೆದ ಬಟ್ಟೆ ಆಟಿಕೆಯ ಹೊರಮೈಗೆ ಆಗದು, ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿರುವ ಚರಕ ಸಂಸ್ಥೆ ಅಡಿಕೆಯ ಚೊಗರು ಮೊದಲಾದ ಸಹಜ ಬಣ್ಣಗಳ ಕೈಮಗ್ಗದ ಬಟ್ಟೆಗೆ ಹೆಸರಾಗಿದೆ. ಅಂತಹ ಬಟ್ಟೆಯ ತುಂಡುಗಳು ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತವೆ. ಬಣ್ಣ ಸಹಜದ್ದಾಗಲಿ ರಾಸಾಯನಿಕವಾಗಲಿ, ಬಿಡುತ್ತದೆಯೇ ಎಂದು ನೋಡಲೇಬೇಕು. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಬಣ್ಣದ ಬಟ್ಟೆಯ ಮೇಲೆ ಇಪ್ಪತ್ತು ಬಾರಿ ಉಜ್ಜಿ. ಬಿಳಿಯ ಮೇಲೆ ಬಣ್ಣದ ಛಾಯೆ ಕಂಡರೆ ಅದನ್ನು ಮಗು ಚೀಪುವ ವಸ್ತುವಿಗೆ ಬಳಸಬೇಡಿ. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಗಂಜಿ ತೆಗೆಯಿರಿ, ಇಲ್ಲವಾದರೆ ಮೊದಲ ಒಗೆತಕ್ಕೆ ಕುಗ್ಗಿ ಹೊಲಿಗೆ ಎಳೆದುಕೊಳ್ಳುತ್ತದೆ.

ತುಂಬಲು ಬೂರುಗದ ಅರಳೆ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ದಿಂಬಿಗೆ ಅದಕ್ಕಿಂತ ಒಳ್ಳೆಯದಿಲ್ಲವೆಂದು ನಾನೂ ನಂಬಿದ್ದೇನೆ. ಆದರೆ ಒದ್ದೆಯಾದರೆ ಅದು ಗಂಟುಕಟ್ಟುತ್ತದೆ, ಒಳಗೇ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಈ ಒಂದು ಕೆಲಸಕ್ಕೆ ಪಾಲಿಯೆಸ್ಟರ್ ನಾರಿನ ಹತ್ತಿಯೇ ಮೇಲು. ದಾರವೂ ಪಾಲಿಯೆಸ್ಟರಿನದೇ ಇರಲಿ; ಹತ್ತಿಯ ದಾರ ತೇವದಲ್ಲಿ ಬೇಗ ಲಡ್ಡಾಗುತ್ತದೆ.

ನಾಲ್ಕನೆಯ ಹೆಜ್ಜೆ: ಆಟಿಕೆಯನ್ನು ಹೊಲಿಯುವುದು

ಗಾತ್ರವನ್ನು ಮೊದಲು ನಿರ್ಧರಿಸಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳ ಸಣ್ಣ ಭಾಗಗಳನ್ನು ಅಳೆಯಲು ಅಂತರರಾಷ್ಟ್ರೀಯ ಮಾನದಂಡಗಳಲ್ಲಿ 31.7 ಮಿಲಿಮೀಟರ್ ಒಳವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಆ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯುವ ಯಾವ ವಸ್ತುವೂ ಮಗುವಿನ ಉಸಿರುಗಟ್ಟಿಸಬಲ್ಲದೆಂದು ಲೆಕ್ಕ. ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ದಪ್ಪ ರಟ್ಟಿನ ಕಾಗದದಿಂದ 10 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ, ಎರಡು ತುದಿಗಳೂ ಒಂದರ ಮೇಲೊಂದು ಬರದೆ ಕೇವಲ ಮುಟ್ಟುವಂತೆ ಸುರುಳಿ ಮಾಡಿ ಹೊರಗಿನಿಂದ ಟೇಪು ಅಂಟಿಸಿದರೆ ಒಳವ್ಯಾಸ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ನೀವು ತಂದ ಗಿಲಕಿ ಗುಂಡನ್ನು ಅದರಲ್ಲಿ ಹಾಕಿ ನೋಡಿ, ಬಹುಪಾಲು ಗುಂಡುಗಳು ಸಲೀಸಾಗಿ ಒಳಗಿಳಿಯುತ್ತವೆ. ಮಗುವನ್ನೂ ಆ ಗುಂಡನ್ನೂ ಬೇರ್ಪಡಿಸಿರುವುದು ನಿಮ್ಮ ಹೊಲಿಗೆಯೊಂದೇ ಎಂಬುದನ್ನು ಆಗ ಕಣ್ಣಾರೆ ಕಾಣುತ್ತೀರಿ.

ಹೊಲಿದು ಮುಗಿದಾಗ ಆಟಿಕೆ 9 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ ಇರಲಿ. ಎಲೆಯ ಅಥವಾ ಮೀನಿನ ಸರಳ ಆಕಾರ ಸಾಕು. ಕೋಡು, ಬಾಲ, ಜೋಲುಕಿವಿ ಇದ್ದಷ್ಟೂ ಹೊಲಿಗೆಯ ಮೂಲೆಗಳು ಹೆಚ್ಚುತ್ತವೆ, ದುರ್ಬಲ ಜಾಗಗಳೂ ಹೆಚ್ಚುತ್ತವೆ. ಕಣ್ಣಿಗೆ ಮಣಿ ಬೇಡ, ಗುಂಡಿಯೂ ಬೇಡ, ದಾರದಲ್ಲಿ ಕಸೂತಿ ಹಾಕಿ. ಸುತ್ತಲೂ 1 ಸೆಂಟಿಮೀಟರ್ ಹೊಲಿಗೆಯ ಅಂಚು ಬಿಟ್ಟು ಎರಡು ಹಾಳೆ ಬಟ್ಟೆ ಕತ್ತರಿಸಿಕೊಳ್ಳಿ.

ಗಿಲಕಿಯ ಗುಂಡಿಗೆ ಮೊದಲು ಒಂದು ಒಳಚೀಲ ಹೊಲಿಯಬೇಕು. ಅದೇ ಒತ್ತು ಬಟ್ಟೆಯ ಪುಟ್ಟ ಚೀಲದೊಳಗೆ ಗುಂಡನ್ನಿಟ್ಟು ನಾಲ್ಕೂ ಬದಿ ಎರಡೆರಡು ಸಾಲು ಹೊಲಿಗೆ ಹಾಕಿ. ಹೊರಗಿನ ಹೊಲಿಗೆ ಬಿಟ್ಟರೂ ಗುಂಡು ಈಚೆ ಬರದಂತೆ ಇದು ಎರಡನೆಯ ಗೋಡೆ. ಚರಚರ ಹಾಳೆಯಾದರೆ ಕ್ರಮ ಬೇರೆ. ಹಾಳೆಯನ್ನು ಆಟಿಕೆಯಷ್ಟೇ ಕತ್ತರಿಸಿ, ಒಂದು ಬದಿಯ ಬಟ್ಟೆಯ ಒಳಮೈಗೆ ಸುತ್ತಲೂ ಅಂಚಿನೊಡನೆ ಸೇರಿಸಿ ಹೊಲಿದುಬಿಡಿ. ಹಾಳೆ ಬಿಡಿಯಾಗಿದ್ದರೆ ಒಳಗೆ ಮುದ್ದೆಯಾಗುತ್ತದೆ, ಹೊಲಿಗೆ ಬಿಟ್ಟ ಜಾಗದಿಂದ ಹೊರಬಂದರೆ ಮಗುವಿನ ಬಾಯಿ ಮೂಗಿಗೆ ಅಂಟಿಕೊಳ್ಳುತ್ತದೆ.

ಇನ್ನು ಹೊರಹೊಲಿಗೆ. ಎರಡೂ ಬಟ್ಟೆಗಳ ಒಳ್ಳೆಯ ಮೈ ಎದುರುಬದುರಾಗಿರಿಸಿ, ಮುಂದಿನ ಹೆಜ್ಜೆಯಲ್ಲಿ ಹೇಳುವ ಪಟ್ಟಿಯ ಒಂದು ತುದಿಯನ್ನು ನಡುವೆ ಸಿಕ್ಕಿಸಿ, ಮಗುಚಲು 4 ಸೆಂಟಿಮೀಟರ್ ಬಾಯಿ ಬಿಟ್ಟು ಹೊಲಿಯಿರಿ. ಟಾಕು 2 ಮಿಲಿಮೀಟರ್ ಮೀರಬಾರದು. ಅದರ ಪಕ್ಕದಲ್ಲೇ 3 ಮಿಲಿಮೀಟರ್ ಅಂತರದಲ್ಲಿ ಇನ್ನೊಂದು ಸಾಲು ಹಾಕಿ. ಪಟ್ಟಿ ಬರುವ ಜಾಗದಲ್ಲಿ ಮೂರು ಬಾರಿ ಹಿಂದೆ ಮುಂದೆ ಹೊಲಿಯಿರಿ. ಮಗುಚಿ, ಹಗುರವಾಗಿ ತುಂಬಿ, ಗುಂಡಿನ ಸುತ್ತ ಎಲ್ಲ ಬದಿಯೂ ನಾರು ಬರುವಂತೆ ಹೊಂದಿಸಿ, ಬಾಯಿಯನ್ನು ಕೈಹೊಲಿಗೆಯಿಂದ ಮುಚ್ಚಿ. ಆಮೇಲೆ ಇಡೀ ಆಟಿಕೆಯ ಅಂಚಿನಲ್ಲಿ ಮೇಲಿನಿಂದ ಮತ್ತೊಂದು ಸುತ್ತು ಹೊಲಿಗೆ ಹಾಕಬೇಕು. ಕೈಹೊಲಿಗೆಯ ಆ 4 ಸೆಂಟಿಮೀಟರೇ ಯಾವಾಗಲೂ ಮೊದಲು ಬಿಡುವ ಜಾಗವಾದ್ದರಿಂದ ಈ ಸುತ್ತನ್ನು ತಪ್ಪಿಸುವಂತಿಲ್ಲ. ಹೊಲಿಗೆ ಯಂತ್ರ ಇಲ್ಲದವರು ಬ್ಯಾಕ್ ಸ್ಟಿಚ್‌ನಲ್ಲಿ ಎರಡೆಳೆ ದಾರದಿಂದ ಇಷ್ಟನ್ನೂ ಮಾಡಬಹುದು, ಹೊತ್ತು ಹಿಡಿಯುತ್ತದೆ, ಗಟ್ಟಿತನದಲ್ಲಿ ಕೊರತೆಯಾಗುವುದಿಲ್ಲ.

ಐದನೆಯ ಹೆಜ್ಜೆ: ಕೊಂಡಿ

ಅಂಗಿಯ ಮೇಲೆ ಗಟ್ಟಿ ವಸ್ತು ಏನೂ ಉಳಿಯಬಾರದು, ಆಟಿಕೆ ತೆಗೆದ ಮೇಲೆ ಅದು ಬರಿಯ ಅಂಗಿಯಾಗಿರಬೇಕು. ಇದಕ್ಕಾಗಿ ಪ್ಯಾಂಟಿನ ಬೆಲ್ಟ್ ಲೂಪಿನಂತಹ ಒಂದು ಬಟ್ಟೆಯ ಲೂಪನ್ನು ಮಾತ್ರ ಅಂಗಿಗೆ ಹೊಲಿಯುತ್ತೇವೆ. ಲೂಪಿನ ಅಗಲ 2 ಸೆಂಟಿಮೀಟರ್, ಎರಡು ಹೊಲಿಗೆಗಳ ನಡುವಿನ ತೆರವು 2.5 ಸೆಂಟಿಮೀಟರ್ ಇರಲಿ, ಅಂಗಿಗೆ ಅಂಟಿದಂತೆ ಮಟ್ಟಸವಾಗಿ ಕೂರಲಿ. ನಿಮ್ಮ ಕಿರುಬೆರಳಿನ ತುದಿ ಅದರಡಿ ಸರಾಗವಾಗಿ ತೂರುವಷ್ಟು ಸಡಿಲವಿದ್ದರೆ ಬಿಚ್ಚಿ ಮತ್ತೆ ಹೊಲಿಯಿರಿ, ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಆಟಿಕೆಯಿಂದ ಹೊರಡುವ ಪಟ್ಟಿ 2 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಉದ್ದದ ಎರಡು ಪದರದ ಬಟ್ಟೆ. ಇದು ಲೂಪಿನ ಅಡಿಯಿಂದ ಹಾದು ಹಿಂದಕ್ಕೆ ಮಡಚಿ ತನ್ನ ಮೇಲೆಯೇ ಅಂಟಿಕೊಳ್ಳುತ್ತದೆ. ಮಡಚಿದ ಮೇಲೆ ಅಂಗಿಯಿಂದ ಆಟಿಕೆಗೆ ಇರುವ ಅಂತರ 5 ಸೆಂಟಿಮೀಟರ್ ಮೀರಬಾರದು. ಉದ್ದನೆಯ ದಾರ, ರಿಬ್ಬನ್, ಲಾಡಿ ಬೇಡ.

ಅಂಟಿಸಲು ಟಿಚ್ ಬಟನ್ ಬೇಡ, ವೆಲ್ಕ್ರೋ ಸಾಕು. ಲೋಹದ ಟಿಚ್ ಬಟನ್ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್‌ನದು ಬಟ್ಟೆ ಹರಿದರೆ ಕಿತ್ತು ಬರುತ್ತದೆ, ಎರಡೂ ಬಾಯಿಗೆ ಹೋಗುವ ಗಾತ್ರದವು. ವೆಲ್ಕ್ರೋದಲ್ಲಿ ಮೆತ್ತನೆಯ ಪಾಲನ್ನು ಪಟ್ಟಿಯ ಬುಡದಲ್ಲಿ, ಕೊಕ್ಕೆಯ ಪಾಲನ್ನು ಪಟ್ಟಿಯ ತುದಿಯಲ್ಲಿ ಹೊಲಿಯಿರಿ. ಮಡಚಿದಾಗ ಒರಟು ಮೈ ಪೂರ್ತಿ ಮುಚ್ಚಿಹೋಗಿ ಚರ್ಮಕ್ಕೆ ತಾಗುವುದಿಲ್ಲ. ಮೂಲೆಗಳನ್ನು ಕತ್ತರಿಸಿ ಗುಂಡಗೆ ಮಾಡಿ. ಸಿಪ್ಪೆ ಸುಲಿದಂತೆ ಮೇಲೆತ್ತಿದರೆ ವೆಲ್ಕ್ರೋ ಸುಲಭವಾಗಿ ಬಿಡುತ್ತದೆ, ಉದ್ದಕ್ಕೆ ಎಳೆದರೆ ಊಹೆಗಿಂತ ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ 1 ಸೆಂಟಿಮೀಟರ್ ಅಗಲದ ಚೂರಿನಿಂದ ಆರಂಭಿಸಿ, ಪರೀಕ್ಷೆಯಲ್ಲಿ ಬಿಡದಿದ್ದರೆ ಇನ್ನೂ ಚಿಕ್ಕದಾಗಿಸಿ.

ಆರನೆಯ ಹೆಜ್ಜೆ: ಪರೀಕ್ಷೆ

ಯುರೋಪಿನ ಆಟಿಕೆ ಮಾನದಂಡದಲ್ಲಿ 6 ಮಿಲಿಮೀಟರಿಗಿಂತ ದೊಡ್ಡ ಭಾಗಗಳನ್ನು 90 ನ್ಯೂಟನ್ ಬಲದಿಂದ 10 ಸೆಕೆಂಡು ಎಳೆದು ನೋಡುತ್ತಾರೆ. ಅದು ಸುಮಾರು 9 ಕಿಲೋ ತೂಕಕ್ಕೆ ಸಮ. ಮನೆಯಲ್ಲಿ ಹೀಗೆ ಮಾಡಿ: ಆಟಿಕೆಯ ಒಂದು ಅಂಚನ್ನು ಮೇಲಿನಿಂದ ಗಟ್ಟಿಯಾಗಿ ಹಿಡಿದು, ಇನ್ನೊಂದು ಅಂಚಿಗೆ ಬಟ್ಟೆ ಒಣಹಾಕುವ ದೊಡ್ಡ ಕ್ಲಿಪ್ಪುಗಳನ್ನು ಹಾಕಿದರೆ ಅವು ಜಾರುತ್ತವೆ, ಆದ್ದರಿಂದ ಆ ಅಂಚನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದು 9 ಕಿಲೋ ಅಕ್ಕಿಯ ಕೈಚೀಲ ತೂಗುಬಿಡಿ. ಹತ್ತು ಎಣಿಸಿ ಇಳಿಸಿ. ಅನಂತರ ಹೊಲಿಗೆಯ ಗೆರೆಯನ್ನು ಎರಡು ಹೆಬ್ಬೆರಳುಗಳಿಂದ ಹಿಂಜಿದಂತೆ ಅಗಲಿಸಿ, ಕಿಟಕಿಯ ಬೆಳಕಿನಲ್ಲಿ ಅಂಗುಲ ಅಂಗುಲವಾಗಿ ನೋಡಿ. ದಾರ ತುಂಡಾಗಿರದಿದ್ದರೂ ಟಾಕಿನ ಬಳಿ ಬಟ್ಟೆಯ ಎಳೆಗಳು ಸರಿದು ಸಾಲಾಗಿ ಪುಟ್ಟ ಕಿಂಡಿಗಳು ಮೂಡಿದ್ದರೆ ಆ ಬಟ್ಟೆ ಸಲ್ಲದು. ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮಗುವಿಗೆ ಕೊಡಬೇಡಿ.

ಕೊಂಡಿಗೆ ಬೇರೆ ಪರೀಕ್ಷೆ. ಆಟಿಕೆಯನ್ನು ಅಂಗಿಗೆ ಸೇರಿಸಿ, ಅಂಗಿಯನ್ನು ಎತ್ತಿ ಹಿಡಿದು, ಆಟಿಕೆಗೆ ಅರ್ಧ ಲೀಟರ್ ನೀರಿನ ಬಾಟಲಿ ತೂಗುಹಾಕಿ. ಆಗ ಕೊಂಡಿ ಬಿಡಬಾರದು. ಅದೇ ಮೂರು ಲೀಟರ್ ನೀರಿನ ಭಾರಕ್ಕೆ ಬಿಟ್ಟುಕೊಳ್ಳಲೇಬೇಕು. ಈ ಎರಡನೆಯ ಅಳತೆಗಳು ಮಾನದಂಡದಿಂದ ಬಂದವಲ್ಲ, ಮಗುವಿನ ಒದೆತಕ್ಕೆ ತಡೆದುಕೊಂಡು ಸಿಕ್ಕಿಕೊಂಡಾಗ ಬಿಡುವಂತಿರಲಿ ಎಂದು ನಾನು ಇಟ್ಟುಕೊಂಡಿರುವ ಮಿತಿ. ತಿಂಗಳಿಗೊಮ್ಮೆ ಎರಡೂ ಪರೀಕ್ಷೆಗಳನ್ನು ಮರುಕಳಿಸಿ. ಹಲ್ಲು ಮೂಡಿದ ಮೇಲೆ ವಾರಕ್ಕೊಮ್ಮೆ ನೋಡುವುದು ಲೇಸು.

ಏಳನೆಯ ಹೆಜ್ಜೆ: ದಿನದ ಬಳಕೆ

ಮಗು ಎಚ್ಚರವಿದ್ದು, ಒಬ್ಬರು ಎದುರಿಗೆ ಕೂತಿರುವಾಗ ಮಾತ್ರ ಆಟಿಕೆ ಅಂಗಿಯ ಮೇಲಿರಬೇಕು. ಹತ್ತು ಹದಿನೈದು ನಿಮಿಷದ ಆಟ ಸಾಕು. ಮುಖ ತಿರುಗಿಸಿದರೆ, ಕಣ್ಣುಜ್ಜಿದರೆ ತೆಗೆದುಬಿಡಿ. ಹಾಲು ಕುಡಿಸುವಾಗ, ಎಣ್ಣೆ ಹಚ್ಚಿ ನೀರು ಹಾಕುವಾಗ, ವಾಹನದಲ್ಲಿ ಹೋಗುವಾಗ ಬೇಡ. ತೊಟ್ಟಿಲಿಗೆ ಅಥವಾ ಜೋಳಿಗೆಗೆ ಹಾಕುವ ಮೊದಲು ಕಳಚಲೇಬೇಕು. ಮಲಗುವ ಮಗುವಿನ ಬಳಿ ಮೆತ್ತನೆಯ ಆಟಿಕೆ, ದಿಂಬು, ಸಡಿಲ ಬಟ್ಟೆ ಇರಬಾರದೆಂಬುದು ಮಕ್ಕಳ ವೈದ್ಯರು ಎಲ್ಲೆಡೆ ಒತ್ತಿ ಹೇಳುವ ಮಾತು. ಕೂಡುಕುಟುಂಬಗಳಲ್ಲಿ ಮಗು ಅತ್ತೆಯ ಕೈಯಿಂದ ಚಿಕ್ಕಮ್ಮನ ಕೈಗೆ, ಅಲ್ಲಿಂದ ಅಜ್ಜನ ತೊಡೆಗೆ ಹೋಗುತ್ತಿರುತ್ತದೆ. ಯಾರ ಕೈಯಲ್ಲಿ ನಿದ್ದೆ ಹೋಯಿತೋ ಅವರೇ ಆಟಿಕೆ ಕಳಚಿ, ತೊಟ್ಟಿಲ ಕೋಣೆಯ ಗೋಡೆಗೆ ನೇತುಹಾಕಿದ ಒಂದು ಗೊತ್ತಾದ ಚೀಲಕ್ಕೆ ಹಾಕುವ ರೂಢಿ ಮಾಡಿಕೊಳ್ಳಿ.

ಗಿಲಕಿಯ ಸದ್ದಿಗೆ ಮಗು ತಿರುಗುತ್ತಿದೆಯೆಂದು ಕಿವಿ ಸರಿಯಿದೆಯೆಂದಾಗಲೀ, ತಿರುಗಲಿಲ್ಲವೆಂದು ದೋಷವಿದೆಯೆಂದಾಗಲೀ ನಿರ್ಧರಿಸಬೇಡಿ. ಶ್ರವಣ ತಪಾಸಣೆ ಒಂದು ತಿಂಗಳೊಳಗೆ, ದೋಷದ ಖಚಿತ ನಿರ್ಣಯ ಮೂರು ತಿಂಗಳೊಳಗೆ, ಚಿಕಿತ್ಸೆಯ ಆರಂಭ ಆರು ತಿಂಗಳೊಳಗೆ ಆಗಬೇಕೆಂಬುದು ಈಗ ಜಗತ್ತು ಒಪ್ಪಿರುವ ಕ್ರಮ. ಅನುಮಾನ ಬಂದರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಮುಂದಿನ ಪರೀಕ್ಷೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆಟಿಕೆಯ ಭಾಗವೋ ಬೇರೇನೋ ಗಂಟಲಿಗೆ ಸಿಕ್ಕಿದರೆ ಮನೆಯ ಎಲ್ಲರಿಗೂ ತಿಳಿದಿರಬೇಕಾದ ಕ್ರಮವಿದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರುತ್ತಿಲ್ಲವೆಂದರೆ, ಒಂದು ವರ್ಷದೊಳಗಿನ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಬಾರಿ ಗುದ್ದಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧದ ಮೇಲೆ 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು, ಅದು ಇನ್ನೂ ಒಳಗೆ ಸರಿಯುತ್ತದೆ. ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಲಿ.

ಮಳೆಗಾಲದ ಒಗೆತ ಮತ್ತು ಒಣಗಿಸುವಿಕೆ

ಅಂಗಿಯನ್ನು ಪ್ರತಿದಿನ, ಆಟಿಕೆಯನ್ನು ಎರಡು ಮೂರು ದಿನಕ್ಕೊಮ್ಮೆ ಒಗೆದರೆ ಸಾಕು. ನಡುವೆ ಒದ್ದೆ ಬಟ್ಟೆಯಿಂದ ಒರೆಸಿ. ಇದಕ್ಕಾಗಿ ಕನಿಷ್ಠ ಮೂರು ಆಟಿಕೆಗಳಿರಲಿ, ಒಂದು ಬಳಕೆಯಲ್ಲಿ, ಒಂದು ಒಣಗುತ್ತಾ, ಒಂದು ಸಿದ್ಧವಾಗಿ. ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಕೈಯಿಂದಲೇ ಒಗೆತ. ವೆಲ್ಕ್ರೋವನ್ನು ಮುಚ್ಚಿಯೇ ಒಗೆಯಿರಿ, ಇಲ್ಲವಾದರೆ ಕೊಕ್ಕೆಗಳಲ್ಲಿ ನೂಲು ತುಂಬಿ ಹಿಡಿತ ಹೋಗುತ್ತದೆ. ಹಿಂಡುವ ಬದಲು ಒಣ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಹರಡಿ.

ಬಚ್ಚಲೊಲೆಯ ಮೇಲಿನ ಬಿದಿರ ಗಳಕ್ಕೆ ಮಗುವಿನ ಬಟ್ಟೆ ಹಾಕುವುದು, ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಲಂಗೋಟಿ ಒಣಗಿಸುವುದು ನಮ್ಮ ಮನೆಗಳ ಹಳೆಯ ಉಪಾಯ. ಅಂಗಿಗೆ ಇದು ನಡೆಯುತ್ತದೆ, ಹೊಗೆಯ ವಾಸನೆ ಹೋಗುವಂತೆ ಆಮೇಲೆ ಗಾಳಿಗೆ ಹಿಡಿದರೆ ಆಯಿತು. ಆಟಿಕೆಗೆ ಮಾತ್ರ ನಡೆಯದು. ಒಳಗಿನ ಹಾಳೆ ಮುದುರುತ್ತದೆ, ನಾರು ಕರಗುತ್ತದೆ, ಗುಂಡಿನ ಬೆಸುಗೆ ಬಿಡಬಹುದು. ಇಸ್ತ್ರಿಯೂ ಬೇಡ. ಎರಡು ದಿನವಾದರೂ ಒಣಗದ, ಮೂಸಿದರೆ ಮುಗ್ಗಲು ವಾಸನೆ ಬರುವ ಆಟಿಕೆಯನ್ನು ಮತ್ತೆ ಒಗೆದು ಉಳಿಸಿಕೊಳ್ಳಲು ಹೋಗಬೇಡಿ. ಬೂಷ್ಟು ಒಳಗಿನ ನಾರಿಗೆ ಇಳಿದಿರುತ್ತದೆ, ಹೊಸದನ್ನು ಹೊಲಿಯುವುದೇ ಮೇಲು.

ಅಂಗಡಿಯ ಉಡುಪು ಉಡುಗೊರೆಯಾಗಿ ಬಂದಾಗ

ಗಾಂಧಿ ಬಜಾರಿನಿಂದ ಬಂದದ್ದಾಗಲಿ ಆನ್‌ಲೈನಿನಲ್ಲಿ ತರಿಸಿದ್ದಾಗಲಿ, ಮೊದಲು ಕತ್ತರಿ ಹಿಡಿದು ಕೂರಿ. ಹೊಲಿದ ಗೆಜ್ಜೆ, ಮಣಿ, ಉಣ್ಣೆಯ ಚೆಂಡು, ಕೊರಳಿನ ದಾರ ಇವನ್ನೆಲ್ಲ ತೆಗೆದುಹಾಕಿ. ಕೊಟ್ಟವರು ಬೇಸರಪಟ್ಟುಕೊಂಡಾರೆಂಬ ಸಂಕೋಚ ಬೇಡ. ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ; ನೋಂದಾಯಿತ ಕರಕುಶಲಕರ್ಮಿಗಳು ಮಾಡಿದವುಗಳಿಗೆ ಮತ್ತು ಚನ್ನಪಟ್ಟಣದ ಗೊಂಬೆಗಳಂತಹ ಭೌಗೋಳಿಕ ಗುರುತಿನ ವಸ್ತುಗಳಿಗೆ ವಿನಾಯಿತಿ ಇದೆ. ಕಳಚಬಹುದಾದ ಆಟಿಕೆ ಉಡುಪಿನೊಂದಿಗೆ ಬಂದಿದ್ದರೆ ಅದರ ಲೇಬಲ್ಲಿನಲ್ಲೋ ಪೊಟ್ಟಣದ ಮೇಲೋ ಐಎಸ್ 9873 ಎಂಬ ಆಟಿಕೆ ಮಾನದಂಡದ ಸಂಖ್ಯೆಯನ್ನೂ ಪರವಾನಗಿಯ ಸಂಖ್ಯೆಯನ್ನೂ ಹುಡುಕಿ, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಸರಿಯಿದೆಯೇ ನೋಡಬಹುದು. ಗುರುತಿದ್ದರೂ ಮೇಲಿನ ಕೊಳವೆ ಮತ್ತು ಎಳೆತದ ಪರೀಕ್ಷೆಗಳನ್ನು ಮಾಡಿಯೇ ಬಳಸಿ. ಅಂಗಿ ಚೆನ್ನಾಗಿದ್ದು ಆಟಿಕೆ ಮಾತ್ರ ಸರಿಯಿಲ್ಲವಾದರೆ ಆಟಿಕೆಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಐದನೆಯ ಹೆಜ್ಜೆಯ ಲೂಪನ್ನು ಹೊಲಿದುಕೊಳ್ಳಿ.

ಎತ್ತಿಡುವಾಗ

ಮಗು ನಡೆಯಲು ಕಲಿತ ಮೇಲೆ ಕಾಲಿನ ಆಟಿಕೆ ಎಡವಿಸುತ್ತದೆ, ಅಲ್ಲಿಗೆ ಅದರ ಕಾಲ ಮುಗಿಯಿತು. ಮುಂದಿನ ಮಗುವಿಗೆಂದು ಅಂಗಿಗಳನ್ನು ಎತ್ತಿಡುವವರು ಆಟಿಕೆಯನ್ನು ಎತ್ತಿಡಬೇಡಿ, ಎರಡು ಮಳೆಗಾಲ ಕಂಡ ದಾರವನ್ನು ನಂಬುವಂತಿಲ್ಲ. ಅಂಗಿಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮುಚ್ಚಳವಿರುವ ಡಬ್ಬದಲ್ಲಿಡಿ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕುವ ರೂಢಿ ಮಗುವಿನ ಬಟ್ಟೆಗೆ ಸಲ್ಲದು. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಕೊರತೆ ಇದೆಯೆಂಬುದು ಹೆಚ್ಚಿನ ಮನೆಗಳಿಗೆ ಮೊದಲೇ ತಿಳಿದಿರುವುದಿಲ್ಲ. ಹಾಗೆ ಇಟ್ಟಿದ್ದ ಬಟ್ಟೆ ಬೇರೆ ಮನೆಯಿಂದ ಬಂದರೆ ಎರಡು ಮೂರು ಬಾರಿ ಒಗೆದು, ಬಿಸಿಲಿಗೆ ಹಾಕಿ, ವಾಸನೆ ಸಂಪೂರ್ಣ ಹೋದ ಮೇಲೆಯೇ ತೊಡಿಸಿ. ಲೂಪುಗಳನ್ನು ಬಿಚ್ಚುವ ಅಗತ್ಯವಿಲ್ಲ, ಹೊಸ ಆಟಿಕೆಯ ಪಟ್ಟಿ ಅದೇ ಅಳತೆಯಲ್ಲಿದ್ದರೆ ಹಳೆಯ ಲೂಪಿಗೇ ಹೊಂದುತ್ತದೆ.